ಅಗಲವಿಲ್ಲದ ಅಕ್ಷರ

ಸೊಹಾರ್ ಬಂದರಿನಲ್ಲಿ ರಾತ್ರಿಪಾಳಿ ನನ್ನದು:
ತಣ್ಣನೆಯ ಪೆಟ್ಟಿಗೆಗಳ ಜ್ವರ ನೋಡುವುದು.
ಮುನ್ನೂರ ಹನ್ನೆರಡು ಕಂಟೇನರು, ನಾಲ್ಕು ತಾಸಿಗೊಂದು ಸುತ್ತು.
ಸೊನ್ನೆಯ ಕೆಳಗೆ ಹದಿನೆಂಟಿದ್ದರೆ ಮೀನು,
ಮೇಲೆ ಹದಿಮೂರಿದ್ದರೆ ಬಾಳೆ.
ಯಾರ ಮೀನೋ, ಯಾರ ಬಾಳೆಯೋ.
ಪ್ಲಗ್ಗು ಸಡಿಲಾಗಿದ್ದರೆ ಅದುಮಿ ಸಹಿ ಹಾಕುತ್ತೇನೆ.
ಇದಕ್ಕೆ ಸಂಬಳವಿದೆ.

ಇನ್ನೊಂದಕ್ಕಿಲ್ಲ.

ಎರಡು ಸುತ್ತಿನ ನಡುವೆ ಪೋರ್ಟಾ ಕ್ಯಾಬಿನ್ನಿನಲ್ಲಿ
ಸುಲೈಮಾನಿ ಚಹಾ ಆರುವ ಮೊದಲು ಲ್ಯಾಪ್‌ಟಾಪು ತೆರೆಯುತ್ತೇನೆ.
ಕನ್ನಡದ ಒತ್ತು ಪರದೆಯ ಮೇಲೆ ಎಲ್ಲಿ ಕೂರಬೇಕೆಂದು ಹೇಳುವ
ನಾಲ್ಕು ಸಾವಿರ ಸಾಲಿನ ತಂತ್ರಾಂಶ.
ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು,
ಬೈಯಲೂಬಹುದು. ಬೈಯುವವರೇ ಹೆಚ್ಚು ನಿಯತ್ತಿನವರು,
ತಪ್ಪದೆ ಮರಳಿ ಬರುತ್ತಾರೆ.

ಬರೆದವನು ನಾನಲ್ಲ. ಡೆಸ್ಮಂಡ್ ಲಸ್ರಾದೊ,
ಕುವೈತಿನ ಫಹಾಹೀಲಿನಲ್ಲಿದ್ದರಂತೆ, ಮುಖ ನೋಡಿಲ್ಲ.
ಒಂದು ರಂಜಾನಿನ ನಡುವೆ ಎರಡು ಸಾಲು ಬಂತು:
"ಇರ್ಷಾದ್, ಕಣ್ಣು ಸಾಕೆನ್ನುತ್ತಿದೆ. ಬೀಗದ ಕೈ ನಿನಗೆ.
ಇದು ಹಾಲು ಕೊಡುವ ಎಮ್ಮೆಯಲ್ಲ, ಆದರೂ ದಿನಾ ಮೇವು ಬೇಕು."
ಬೇಡ ಎನ್ನಲು ಉತ್ತರ ಟೈಪಿಸುತ್ತಿದ್ದೆ;
ಅಲಾರಂ ಹೊಡೆಯಿತು, ಸುತ್ತಿಗೆ ಹೋದೆ.
ಬಂದು ನೋಡಿದರೆ ನನ್ನ ಹೆಸರು ಬಾಗಿಲಿಗೆ ಬಿದ್ದಿತ್ತು.

ನಮ್ಮ ಮನೆಯಲ್ಲಿ ಮಾತು ನವಾಯತಿ.
ಕನ್ನಡ ಶಾಲೆಯ ಬೆಂಚಿನದು, ಬಸ್ಸಿನ ಬೋರ್ಡಿನದು,
ನನ್ನ ಹೆಸರಿನ ಮೇಲಿನ ಅರ್ಕಾವತ್ತಿನದು.
ಅದು ಎಲ್ಲಿ ಬರೆಯುತ್ತಾರೋ ಅಲ್ಲಿ ಉಚ್ಚರಿಸುವುದಿಲ್ಲ;
ಎರಡನೇ ಕ್ಲಾಸಿನಲ್ಲಿ ಅದಕ್ಕೇ ಪೆಟ್ಟು ತಿಂದಿದ್ದೆ.

"ಎಷ್ಟು ಕೊಡುತ್ತಾರೆ?" ಕ್ರೇನಿನಿಂದ ಇಳಿದು ಬಂದ ದಾದ್ ರಹೀಂ ಕೇಳಿದ.
ಏನೂ ಇಲ್ಲ ಎಂದೆ. ಸಕ್ಕರೆ ಕಲಕುತ್ತಲೇ ಇದ್ದ.
"ನಮ್ಮ ಬಲೂಚಿಗೂ ಹೀಗೆ ಯಾರಾದರೂ ಕೂತಿರಬಹುದಾ?"
ಇರಬೇಕು.
"ಪಾಪ," ಎಂದ. ನನಗೋ ಅವನಿಗೋ ತಿಳಿಯಲಿಲ್ಲ.

ಮಾರ್ಚಿನಲ್ಲಿ ಒಬ್ಬ ಹುಡುಗ ತಿದ್ದುಪಡಿ ಕಳಿಸಿದ.
ಉತ್ಸಾಹದ ಹುಡುಗ, ಅಚ್ಚುಕಟ್ಟಿನ ಕೈ:
ಕಾಣದ, ಅಗಲವಿಲ್ಲದ, ಖಾಲಿ ಅಕ್ಷರಗಳನ್ನೆಲ್ಲ
ಕಸವೆಂದು ಗುಡಿಸಿದ್ದ.
ಆ ರಾತ್ರಿ ಏಳು ಪೆಟ್ಟಿಗೆ ಬಿಸಿಯಾಗಿದ್ದವು, ಸೆಕೆಗೆ ಅಂಗಿ ಬೆನ್ನಿಗಂಟಿತ್ತು.
ಓದಿದೆನೇ? ಓದಿದೆ ಅಂದುಕೊಂಡೆ.
ಒಪ್ಪಿದೆ ಎಂಬ ಹಸಿರು ಗುಂಡಿ ಒತ್ತಿದೆ.

ಆರು ವಾರದ ಮೇಲೆ ಸಿಂಧನೂರಿನಿಂದ ನೀಲಮ್ಮ ಹಟ್ಟಿ, ಸಹಶಿಕ್ಷಕಿ:
"ಸರ್, ಅಂಕಪಟ್ಟಿಯಲ್ಲಿ ರ‍್ಯಾಂಕ್ ಕೆಟ್ಟಿದೆ.
ರ ಹಾರಿ ಹೋಗಿ ಯಾ-ದ ಬಾಲಕ್ಕೆ ಕೂತಿದೆ.
ನಲವತ್ತೊಂದು ಮಕ್ಕಳು. ಅಚ್ಚು ಹಾಕಿಸಿಯಾಗಿದೆ."

ರ-ಕ್ಕೂ ಯ-ಕ್ಕೂ ನಡುವೆ ಒಂದು ಕೂಡುಗುರುತು ಇರುತ್ತದೆ.
ಮುದ್ರಿಸಿದರೆ ಶಾಯಿ ತಗಲುವುದಿಲ್ಲ,
ಎಣಿಸಿದರೆ ಮಾತ್ರ ಸಿಗುತ್ತದೆ.
ಅದು ಇದ್ದರೆ ರ ತನ್ನ ಜಾಗದಲ್ಲೇ ಇರುತ್ತದೆ, ಅಷ್ಟೇ ಅದರ ಕೆಲಸ.
ಡೆಸ್ಮಂಡ್ ಅಲ್ಲೇ ಪಕ್ಕದಲ್ಲಿ ಬರೆದಿಟ್ಟಿದ್ದರು,
ಹನ್ನೊಂದು ವರ್ಷದ ಹಿಂದೆ: ಇದನ್ನು ಮುಟ್ಟಬೇಡಿ, ಖಾಲಿಯಲ್ಲ.
ಹುಡುಗ ಆ ಸಾಲನ್ನೂ ಗುಡಿಸಿದ್ದ. ನಾನೂ ಕೂಡ.

ತಪ್ಪು ನನ್ನದು ಎಂದು ಬರೆದೆ. ಹುಡುಗನ ಹೆಸರು ಹಾಕಲಿಲ್ಲ.
ಎರಡು ಸುತ್ತು ತಡಮಾಡಿ ಬೈಸಿಕೊಂಡೆ, ಮೇಲ್ವಿಚಾರಕ ಎಲ್ಲಿದ್ದೆ ಎಂದ,
ಕಕ್ಕಸಿನಲ್ಲಿ ಎಂದೆ.
ಅಳಿಸಿದ್ದನ್ನು ಮರಳಿ ಇಟ್ಟೆ. ಡೆಸ್ಮಂಡರ ಸಾಲನ್ನೂ,
ಅವರದೇ ಕಾಗುಣಿತದ ತಪ್ಪಿನ ಸಮೇತ.
ಫಹಾಹೀಲಿಗೆ ಒಂದು ಪತ್ರ ಹಾಕಿದೆ, ವಾಪಸು ಬಂತು:
ಈ ವಿಳಾಸದಲ್ಲಿ ಯಾರೂ ಇಲ್ಲ.

ಐದು ಗಂಟೆ. ಅಲ್ಯುಮಿನಿಯಂ ಕಾರ್ಖಾನೆಯ ಕಡೆ ಆಕಾಶ ತಿಳಿಯಾಗುತ್ತಿದೆ.
ಬಾಳೆಹಣ್ಣು ಹೊತ್ತ ಹಡಗು ಹಗ್ಗ ಬಿಚ್ಚಿಸಿಕೊಳ್ಳುತ್ತಿದೆ,
ಚಹಾ ಕೆನೆಗಟ್ಟಲಿಲ್ಲ, ಹಾಲೇ ಇಲ್ಲವಲ್ಲ.
ಪರದೆಯಲ್ಲಿ ಸಿಂಧನೂರು:

"ಸರಿಹೋಯಿತು ಸರ್.
ಇನ್ನೊಂದಿದೆ."