ಒಂದು–ಎರಡು–ಒಂದು

ಹೊಸೂರಿನ ಸಿಪ್ಕಾಟಿನಲ್ಲಿ, ನಮ್ಮ ಶೆಡ್ಡಿನ ನೆಲದ ಮೇಲೆ
ಇಲ್ಲದ ವಿಮಾನದ ಹೊಟ್ಟೆಯನ್ನು
ಹಳದಿ ಟೇಪಿನಲ್ಲಿ ಬರೆದಿದ್ದಾರೆ.
ಕಿಟಕಿ ಇರುವ ಕಡೆ ಕಿಟಕಿಯ ಚಿತ್ರ.
ರೆಕ್ಕೆ ಬರಬೇಕಾದ ಕಡೆ ಸೈಕಲ್ ಸ್ಟ್ಯಾಂಡು.

ನಾನು ಹೊಲಿಗೆಯವಳು. ಸೀಟಿನ ಚರ್ಮಕ್ಕೆ ಜೋಡಿ ಹೊಲಿಗೆ,
ಇಂಚಿಗೆ ಏಳು. ಎಂಟಾದರೆ ಚರ್ಮ ಹರಿಯುತ್ತದೆ,
ಆರಾದರೆ ಸೂಪರ್‌ವೈಸರ್ ಹರಿಹಾಯುತ್ತಾನೆ.

ಇವತ್ತು ಮಾತ್ರ ಮಲಗುವ ಕೆಲಸ.
ಐದಡಿ ಎರಡಿಂಚಿನ ಒಂದು ದೇಹ ಬೇಕಂತೆ.
ಇಳಂಗೋವನ್ ಸಾರ್ ಮಿಷನ್ನುಗಳ ಸಾಲು ನೋಡುತ್ತಾ ಬಂದು
ನನಗೆ ಬೆರಳು ತೋರಿದರು:
‘ಚಪ್ಪಲಿ ಬಿಟ್ಟು ಮಲಗಮ್ಮ, ನಾಲ್ಕು ಗಂಟೆ,
ಎಲ್ಲಿ ಒತ್ತುತ್ತೆ ಹೇಳು.’
ಹನ್ನೊಂದು ವರ್ಷದಲ್ಲಿ ಮಲಗಿದ್ದಕ್ಕೆ ಕೂಲಿ ಇದೇ ಮೊದಲು.
ಪಿಳ್ಳಮ್ಮ ನಗುತ್ತಾ ಖಾಲಿ ದಾರದುಂಡೆ ಎಸೆದಳು.

ಗುಂಡಿ ಒತ್ತಿದೆ. ಬೆನ್ನು ಇಳಿಯಿತು, ಕಾಲು ಏರಿತು.
ಭುಜದ ಹತ್ತಿರ ಇಪ್ಪತ್ತೆರಡು ಇಂಚು,
ಪಾದ ಮುಟ್ಟುವ ಹೊತ್ತಿಗೆ ಹನ್ನೆರಡು,
ಮೀನಿನ ಹಾಗೆ, ಬಾಲದ ಕಡೆ ಸಣ್ಣ.
ನನ್ನ ಹೆಬ್ಬೆರಳು ಮುಂದಿನವನ ಮೊಣಕೈ ಪೆಟ್ಟಿಗೆಯ ಅಡಿಗೆ ಹೊಕ್ಕಿತು.
ಪೆಟ್ಟಿಗೆಯ ಮೇಲೆ ಅವನು ಲೋಟ ಇಡುತ್ತಾನೆ,
ಅಡಿಯ ಕತ್ತಲಲ್ಲಿ ಯಾರದೋ ಕಾಲು.
ಅವನಿಗೆ ಗೊತ್ತೇ ಆಗುವುದಿಲ್ಲ.

ಸಾರ್ ನಕ್ಷೆ ಹಿಡಿದರು, ಮಲಗಿಕೊಂಡೇ ನೋಡಿದೆ.
ಮೊದಲು ಸಾಲಿಗೆ ಆರು: ಎರಡು–ಎರಡು–ಎರಡು.
ಕಿಟಕಿಯವನಿಗೆ ನಡುರಾತ್ರಿ ಒಂದಕ್ಕೆ ಅವಸರವಾದರೆ
ಪಕ್ಕದವನ ಚಾಚಿದ ಕಾಲು ದಾಟಬೇಕು.
ಲಕ್ಷ ಲಕ್ಷ ಕೊಟ್ಟವರು ದಾಟಲೊಲ್ಲರು,
ದಾಟಿಸಿಕೊಳ್ಳಲೂ ಒಲ್ಲರು.
ಅದಕ್ಕೇ ಈಗ ನಾಲ್ಕು. ಒಂದು–ಎರಡು–ಒಂದು.
ಒಬ್ಬೊಬ್ಬರ ಹಾಸಿಗೆಯಿಂದಲೂ ಓಣಿಗೆ ಅವರದೇ ದಾರಿ.
‘ಹೋದ ಎರಡು ಸೀಟಿನ ದುಡ್ಡು ಸಾರ್?’
‘ಉಳಿದ ನಾಲ್ಕರ ಮೇಲೆ. ಆಮೇಲೆ,’ ಸ್ವಲ್ಪ ತಡೆದು,
‘ಹಿಂದೆ ಕೂತವರ ಮಂಡಿಯ ಮೇಲೆ.’

ನಡುವಿನ ಇಬ್ಬರಿಗೆ ಒಂದು ಗೋಡೆ.
ಏರುತ್ತದೆ, ಇಳಿಯುತ್ತದೆ, ಸದ್ದಿಲ್ಲ.
ಗಂಡಹೆಂಡಿರು ಇಳಿಸಿಕೊಳ್ಳಲಿ, ಗುರುತಿಲ್ಲದವರು ಏರಿಸಿಕೊಳ್ಳಲಿ ಅಂತ.
ದಿನಕ್ಕೆ ಸಾವಿರ ಸಲ ಏರಿಸಿ ಇಳಿಸಿ ಪರೀಕ್ಷೆ ಮಾಡುವವನು
ರಾಯಕೋಟೆಯ ತಿಮ್ಮರಾಯ.
‘ಗಂಡಹೆಂಡಿರೇ ಏರಿಸಿಬಿಟ್ಟರೆ ಏನು ಅಂತ
ಎಲ್ಲೂ ಬರೆದಿಲ್ಲಕ್ಕಾ’ ಅಂದ.

ಒಬ್ಬರ ತಲೆಯ ಪಕ್ಕ ಇನ್ನೊಬ್ಬರ ಪಾದ:
ಈ ಜೋಡಣೆಗೆ ಸಾರ್ ಏನೋ ಇಂಗ್ಲಿಷ್ ಹೆಸರು ಹೇಳಿದರು.
ಮೂಕಂಡಪಲ್ಲಿಯ ನಮ್ಮ ಒಂದೇ ಕೋಣೆಯಲ್ಲಿ,
ಹತ್ತಡಿಗೆ ಒಂಬತ್ತು, ಆರು ಜನ,
ತಲೆಗೊಬ್ಬರು ಕಾಲಿಗೊಬ್ಬರು.
ಅತ್ತೆಯ ಒಡೆದ ಹಿಮ್ಮಡಿಯ ಹತ್ತಿರ ನನ್ನ ಕಿವಿ.
ಅಲ್ಲಿ ಇದರ ಹೆಸರು, ಜಾಗ ಸಾಲದು.

ನಿದ್ದೆ ಬಂತು. ಸುಳ್ಳು ಯಾಕೆ,
ಹೊಡೆದು ಕೆಡವಿದ ಹಾಗೆ ಬಂತು.
ಯಾರ ಮೊಣಕೈಯೂ ಇಲ್ಲ, ಯಾರ ಕೆಮ್ಮೂ ಇಲ್ಲ.
ಸಾರ್ ಎಬ್ಬಿಸಿ, ಪೆನ್ನು ಬಿಚ್ಚಿ, ‘ಎಲ್ಲಿ ಒತ್ತಿತು?’
‘ಗೊತ್ತಾಗಲಿಲ್ಲ ಸಾರ್, ಇನ್ನೊಂದು ಸಲ ಮಲಗಬೇಕು.’
ಶೆಡ್ಡೆಲ್ಲ ನಕ್ಕಿತು. ಅವರು ನಗದೆ ಬರೆದುಕೊಂಡರು.

ಹನ್ನೊಂದೂವರೆಗೆ ಶಿಫ್ಟ್ ವ್ಯಾನು ಇಳಿಸಿತು.
ಚಿಲಕ ಎತ್ತಿ ಬಾಗಿಲು ಅರ್ಧ ತೆರೆದೆ, ಅದಕ್ಕಿಂತ ತೆರೆಯುವುದಿಲ್ಲ:
ಹೊಸಿಲಿಗೆ ಅಡ್ಡ ನನ್ನ ತೇಜು,
ಬಾಯಿ ತೆರೆದು, ಒಂದು ಕಾಲು ಅಣ್ಣನ ಹೊಟ್ಟೆಯ ಮೇಲೆ.
ಉಸಿರು ಹಿಡಿದು ಅವಳ ಮೇಲೆ ಕಾಲು ಹಾಕಿದೆ.

ಕತ್ತಲ ಆ ತುದಿಯಿಂದ ಅತ್ತೆ:
‘ದಾಟಿದೆಯೇನೇ? ಮಗು ಬೆಳೆಯೋದು ಬ್ಯಾಡವಾ?
ಹಿಂದಕ್ಕೆ ದಾಟು.’

ಹಿಂದಕ್ಕೆ ದಾಟಿದೆ.
ಈಗ ಮತ್ತೆ ಬಾಗಿಲ ಹೊರಗಿದ್ದೇನೆ,
ಒಂದು ಕೈಲಿ ಚಪ್ಪಲಿ, ಒಂದು ಕೈಲಿ ಬುತ್ತಿ,
ಓಣಿ ಹುಡುಕುತ್ತಾ.