ಘಟ್ಟಕ್ಕೆ ಬೆನ್ನು

ಇಪ್ಪತ್ತಾರು ವರ್ಷ ಹತ್ತಿದ್ದೇನೆ ದೇವಿಮನೆ ಘಟ್ಟ,
ಕುಮಟೆಯಿಂದ ಶಿರಸಿಗೆ, ದಿನಕ್ಕೆರಡು ಸಲ,
ರಸ್ತೆಗೆ ಬೆನ್ನು ಹಾಕಿ.
ಕಂಡಕ್ಟರನಿಗೆ ಕಾಣುವುದು ಮುಖಗಳು.

ಕತಗಾಲ ದಾಟಿದರೆ ಬಸ್ಸಿನಲ್ಲಿ ಮಾತು ಇಳಿಯುತ್ತದೆ.
ಮೊದಲ ತಿರುವಿಗೆ ಯಾರದೋ ತುಟಿ ಬಿಳಚುತ್ತದೆ,
ಮೂರನೆಯದಕ್ಕೆ ಲಿಂಬೆಹಣ್ಣು ಹೊರಬರುತ್ತದೆ,
ಐದಕ್ಕೆ ಕಿಟಕಿ ಸರಿಸುವ ಅವಸರ.
ನನ್ನ ಹತ್ತಿರ ಇದ್ದ ಘಟ್ಟದ ನಕ್ಷೆ ಇಷ್ಟೇ.
ಬಂಗಡೆ ಬುಟ್ಟಿಯ ದೇಮಿ ಒಬ್ಬಳು ಮಾತ್ರ
ಎಲ್ಲ ತಿರುವಿಗೂ ಬಾಯಿ ತೆರೆದು ನಿದ್ದೆ;
ಲಗೇಜಿನ ದುಡ್ಡು ಕೇಳಿದರೆ
ಇನ್ನೂ ಗಾಢ ನಿದ್ದೆ.

ಈಗ ನಿವೃತ್ತಿ. ಅಣ್ಣನ ಮಗಳು ಸುಮೇಧಾ
ಗೇರಿನ ಸೈಕಲ್ಲು ಕೈಗಿತ್ತು,
ಕಲ್ಲಂಗಡಿ ಸಿಪ್ಪೆಯಂಥ ಹೆಲ್ಮೆಟ್ಟು ತಲೆಗೆ ಬಿಗಿದು,
"ಆಯ್ತವಾರ ಬೆಳಿಗ್ಗೆ ಐದೂವರೆ, ಚಿಕ್ಕಪ್ಪಾ" ಎಂದಳು.

ಎರಡನೇ ತಿರುವಿನಲ್ಲೇ ಮೊಣಕಾಲು
ಹೋಲ್ಡಾನ್ ಎಂದಿತು.
ಹುಡುಗರು ದಾಟಿ ಹೋದರು, ಬಣ್ಣದ ಅಂಗಿ, ತೊಡೆಯ ನರ.
ಬೆನ್ನಿಗೆ ಚೀಲ ಹೊತ್ತು ನಡೆಯುವವರೂ ದಾಟಿ ಹೋದರು.
ನಾನು ಮೋರಿಕಟ್ಟೆಯ ಮೇಲೆ ಕೂತೆ. ಕೆಳಗೆ ನೀರು.
ಎಂಜಿನ್ನಿನ ಸದ್ದಿನಡಿ ಇಷ್ಟು ವರ್ಷ
ಒಂದು ಹಳ್ಳ ಮಾತಾಡುತ್ತಲೇ ಇತ್ತಂತೆ.

ಇನ್ನೂ ಮೇಲೆ, ಲಾರಿ ಉಜ್ಜಿ ಬಿಳಿಯಾದ ಬಂಡೆಯ ತಿರುವು.
ಇಲ್ಲಿಗೆ ಬಂದಾಗೆಲ್ಲ ಡ್ರೈವರ್ ಬಸ್ತ್ಯಾಂವ
"ನಾಯ್ಕರೇ, ಮಂಗಟ್ಟೆ!" ಎಂದು ಕೂಗುತ್ತಿದ್ದ.
ಕೈಯಲ್ಲಿ ಯಾರದೋ ನೂರರ ನೋಟು, ಬಾಯಲ್ಲಿ ಪೆನ್ನು,
ನಾನು ತಿರುಗುವಷ್ಟರಲ್ಲಿ ಬರೀ ಎಲೆ.
ಹದಿಮೂರು ವರ್ಷ ಅವನನ್ನು ಸುಳ್ಳ ಎಂದುಕೊಂಡೆ.
ಇವತ್ತು ನಿಂತು ನೋಡಿದೆ, ಬಹಳ ಹೊತ್ತು.
ಹಕ್ಕಿ ಇರಲಿಲ್ಲ.
ಮರ ಇತ್ತು, ಮೈತುಂಬ ಅತ್ತಿಹಣ್ಣು.
ಬಸ್ತ್ಯಾಂವ ಈಗಿಲ್ಲ, ಹೇಳೋಣವೆಂದರೆ.

ನೆತ್ತಿಯಲ್ಲಿ ದೇವಿ.
ಅವನು ಇಳಿದು ಕಾಸು ಹಾಕಿ ಬರುವಷ್ಟರಲ್ಲಿ
ನಾನು ಲೆಕ್ಕ ಕೂಡಿಸುತ್ತಿದ್ದೆ; ಒಮ್ಮೆಯೂ ಇಳಿದವನಲ್ಲ.
ಚಪ್ಪಲಿ ಬಿಡಲು ಬಗ್ಗಿದ್ದೇ, ಸೊಂಟ ಹಿಡಿದು
ಅಲ್ಲೇ ಉಳಿದೆ, ಅರ್ಧ ನಮಸ್ಕಾರದಲ್ಲಿ.

ಆಗ ಶಿರಸಿ ಕಡೆಯ ಮಂಜಿನಿಂದ
ಕೆಂಪು ಬಸ್ಸೊಂದು ಮೆಲ್ಲಗೆ ಬಂತು.
ಮುಂದಿನ ಗಾಜಿನೊಳಗೆ ಒಂದು ಖಾಕಿ ಬೆನ್ನು.
ಚೀಲದ ಪಟ್ಟಿ ಕೊರೆದ ಗೆರೆ,
ಆಚೀಚೆ ಬೆವರಿನ ಎರಡು ಊರು.

ಅಯ್ಯೋ,
ಈ ಕಾಡಿಗೆ ನಾನು ಹೀಗೆ ಕಾಣುತ್ತಿದ್ದೆನೇನು
ಅಷ್ಟೂ ವರ್ಷ.

"ಫೋಟೋ" ಎಂದಳು ಸುಮೇಧಾ.
"ಹಿಂದಿನಿಂದ ತೆಗಿ" ಎಂದೆ.
ಅವಳಿಗೆ ಕೇಳಲಿಲ್ಲ, ಬಸ್ಸಿನ ಹಾರನ್ನು.
ಮುಖವನ್ನೇ ತೆಗೆದಳು,
ಲಿಂಬೆಹಣ್ಣು ಬೇಕಾದವನ ಮುಖ.