ಹದಿನೇಳನೇ ಮಂಚದ ಗುಂಡಿ

ಅಂಗಡಿಯವನು ಹೇಳಿದ ಬೆಲೆಗೆ
ಲ್ಯಾಮಿಂಗ್ಟನ್ ರಸ್ತೆಯಲ್ಲೇ ನಕ್ಕುಬಿಟ್ಟೆ.
ಒಂದು ಗುಂಡಿ, ಎರಡು ಮೊಳ ವೈರು, ಒಂದು ಮೂತಿ,
ಇಷ್ಟಕ್ಕೆ ಹದಿನೆಂಟು ನೂರೇ?
ಬರೀ ಮೂತಿ ಕೊಡಿ ಅಂದೆ,
ಎರಡೂವರೆ ಮಿಲಿಮೀಟರಿನದು, ಪಟ್ಟೆ ಇರುವುದು.
ಇಪ್ಪತ್ತರ ನೋಟಿಗೆ ಚಿಲ್ಲರೆ ಇಲ್ಲವೆಂದು
ಗೇಣುದ್ದ ಬೆಸುಗೆ ತಂತಿ ಮುರಿದು ಕೊಟ್ಟ.

ವೈರು ಮನೆಯಲ್ಲಿತ್ತು: ಎಡಗಿವಿ ಸತ್ತ ಇಯರ್‌ಫೋನು.
ಕೂದಲಿಗಿಂತ ಸಪೂರ ಎಳೆಗಳು, ಕೆಂಪು, ಹಸಿರು, ಬರಿ ತಾಮ್ರ,
ಮೇಲೊಂದು ಕಾಣದ ಲೇಪ.
ಕಡ್ಡಿ ಗೀರಿ ತುದಿ ಸುಡದಿದ್ದರೆ
ಎಷ್ಟು ಬೆಸೆದರೂ ಒಂದನ್ನೊಂದು ಒಲ್ಲವು.
ಇದು ತಿಳಿಯಲು ನನ್ನ ಎರಡು ರಜೆ ಹೋದವು.

ಗುಂಡಿ ಮಾತ್ರ ವಾರ್ಡಿನದು.
ಪರೇಲಿನ ನಮ್ಮ ಆಸ್ಪತ್ರೆಗೆ ಹೊಸ ಕರೆಗಂಟೆ ಬಂದಾಗ
ಹಳೆಯವನ್ನೆಲ್ಲ ಗೋಣಿಗೆ ತುಂಬಿ
ಗುಜರಿಗೆ ಹೊರಡಿಸಿದ್ದ ಎಲೆಕ್ಟ್ರಿಶಿಯನ್ ಕಾಂಬ್ಳೆ.
"ಯಾವುದಾದರೂ ಒಂದು ತಗೊಳ್ಳಿ, ಪ್ರಫುಲ್ಲಾ ಸಿಸ್ಟರ್."
ಎಳೆ ಪೇರಲಕಾಯಿಯಂಥ ಹಿಡಿ, ನೆತ್ತಿಯಲ್ಲಿ ಕೆಂಪು.
ಒಂದರ ಬೆನ್ನಿಗೆ ಪ್ಲಾಸ್ಟರು, ಮೇಲೆ ನನ್ನದೇ ಅಕ್ಷರ: ೧೭.

ಹದಿನೇಳು ಅಂದರೆ ಹಿರಾಬಾಯಿ ಖರಾತ್.
ನೋವಿಗೆಂದು ಒತ್ತಿದವರಲ್ಲ.
ಎರಡಕ್ಕೊಮ್ಮೆ, ಎರಡೂ ಹತ್ತಕ್ಕೊಮ್ಮೆ, ಎರಡೂಕಾಲಿಗೆ
ನನ್ನ ಮೇಜಿನ ಮೇಲೆ ಕೆಂಪು ದೀಪ.
ಹೋಗಿ ನಿಂತರೆ ಒಂದೇ ಪ್ರಶ್ನೆ, "ಕಿತಿ ವಾಜಲೇ?"
ಹೇಳಿ ಬರುತ್ತಿದ್ದೆ. ಒಂದು ರಾತ್ರಿ
ಗೋಡೆಯ ಗಡಿಯಾರವನ್ನೇ ಕಳಚಿ
ಅವರ ಕಣ್ಣೆದುರಿಗೆ ನೇತುಹಾಕಿದೆ.
ಆಮೇಲೂ ಒತ್ತಿದರು.
ಆಮೇಲೆ ನಾನು ತಡಮಾಡಿ ಹೋಗತೊಡಗಿದೆ.

ಅಡುಗೆಮನೆಯಲ್ಲಿ ಮೊದಲ ಸಲ ಚುಚ್ಚಿ ಒತ್ತಿದಾಗ
ಕ್ಯಾಮೆರಾ ಗುರುಗುಟ್ಟಿತು, ಕ್ಲಿಕ್ಕೆನ್ನಲಿಲ್ಲ.
ತುದಿಗೆ ಹೋಗಬೇಕಾದ್ದು ನಡುವಿನ ಪಟ್ಟೆಗೆ ಹೋಗಿತ್ತು.
ನೋಡು ಅನ್ನುವ ತಂತಿಯೇ ಬೇರೆ, ತೆಗೆ ಅನ್ನುವ ತಂತಿಯೇ ಬೇರೆ,
ಎರಡಕ್ಕೂ ನೆಲ ಒಂದೇ.
ನೋಡು ಅನ್ನುವುದನ್ನು ಕತ್ತರಿಸಿ ಹಾಕಿದೆ,
ಕತ್ತಲಲ್ಲಿ ಅದು ಸುಮ್ಮನೆ ತಡಕಾಡುತ್ತದೆ.
ಆಗ ತೆಗೆಯಿತು:
ಕುಕ್ಕರು, ನನ್ನ ಗಲ್ಲದ ಕೆಳಗು,
ಕಲ್ಯಾಣದ ಮದುವೆ ಫೋಟೋದವನು ದಾಟಿಸಿದ
ಬೂಷ್ಟು ಹಿಡಿದ ಲೆನ್ಸಿನಿಂದ ಎಲ್ಲಕ್ಕೂ ತುಸು ಮಂಜು.

ವಾಂಗಣಿಗೆ ರಾತ್ರಿಯ ಕರ್ಜತ್ ಲೋಕಲ್.
ಭತ್ತ ಕೊಯ್ದ ಗದ್ದೆ, ಚಪ್ಪಲಿಯೊಳಗೂ ಕೂಳೆ.
ಬದ್ಲಾಪುರದ ಕಡೆ ಆಕಾಶ ಇನ್ನೂ ತಿಳಿಸಾರಿನ ಬಣ್ಣ,
ಅದರ ಮೇಲೆ, ಚಾಚಿದ ಕೈಯ ಎರಡು ಮುಷ್ಟಿ ಎತ್ತರದಲ್ಲಿ
ಧ್ರುವ, ಹುಡುಕಿದವರಿಗೆ ಮಾತ್ರ.
ಬೆರಳು ತಾಗಿದರೆ ನಕ್ಷತ್ರ ಕದಲುತ್ತದೆ,
ಅದಕ್ಕೇ ಈ ಎರಡು ಮೊಳದ ದೂರ.

ಒತ್ತಿದೆ. ತೆರೆದುಕೊಂಡ ಸದ್ದು.
ಬಿಟ್ಟರೆ ಮುಚ್ಚುತ್ತದೆ.
ಕರೆಗಂಟೆಯ ಗುಂಡಿಗೆ ಒತ್ತಿ ಬಿಡುವುದಷ್ಟೇ ಗೊತ್ತು,
ಹಿಡಿದಿರುವುದು ಗೊತ್ತಿಲ್ಲ,
ರಬ್ಬರ್ ಬ್ಯಾಂಡು ಮನೆಯ ಮೇಜಿನ ಮೇಲೆ.
ಇಪ್ಪತ್ತು ನಿಮಿಷ ಹೆಬ್ಬೆರಳೇ ಗತಿ.

ಹೆಬ್ಬೆರಳು ಜೋಮು ಹಿಡಿಯಿತು.
ವಾಚು ಅದೇ ಕೈಯಲ್ಲಿ, ಸ್ವೆಟರಿನ ಒಳಗೆ,
ತಿರುಗಿಸಿದರೆ ಗುಂಡಿ ಜಾರುತ್ತದೆ.
ಆಚೆ ಬದುವಿನಲ್ಲಿ ಟೆಲಿಸ್ಕೋಪಿಗೆ ಬಗ್ಗಿದ್ದ ಹುಡುಗನನ್ನು ಕೂಗಿದೆ,
"ಕಿತಿ ವಾಜಲೇ ರೇ?"
ಹೇಳಿದ.
ತುಸು ಹೊತ್ತು ಬಿಟ್ಟು ಮತ್ತೆ ಕೇಳಿದೆ. ಮತ್ತೆ ಹೇಳಿದ.
ಮೂರನೇ ಸಲ
ಉತ್ತರ ಬರಲಿಲ್ಲ. ಅವನ ಕೆಂಪು ಟಾರ್ಚು
ಬದುವಿನುದ್ದಕ್ಕೂ ತೂಗುತ್ತ ಬಂತು.
ಪಕ್ಕದಲ್ಲಿ ಕೂತು ಶೇಂಗಾ ಸುಲಿಯತೊಡಗಿದ.
ಆಮೇಲೆ ನಾನು ಗಂಟೆ ಕೇಳಲಿಲ್ಲ.

ಫೋಟೋದಲ್ಲಿ ಗಿಡ್ಡ ಗೆರೆಗಳು, ಉಗುರು ಗೀರಿದಂತೆ,
ನಡುವೆ ಅಲುಗದ ಒಂದು ಚುಕ್ಕಿ.
ಕೆಳಗೆ, ಗದ್ದೆಯ ಮಟ್ಟದಲ್ಲಿ, ಅಡ್ಡಕ್ಕೆ
ಏರಿಳಿಯುವ ಕೆಂಪು ದಾರಿ.
ಅದನ್ನು ಅಳಿಸಲು ಬರುತ್ತದಂತೆ, ಹುಡುಗ ಹೇಳಿಕೊಟ್ಟ.
ನಾನಿನ್ನೂ ಕಲಿತಿಲ್ಲ.